ಪಂಕ್ಚರ್ ಅಮರಪ್ಪನ ಕಣ್ಣಿಗೆ ತೂತು

ನನ್ನ ಬಲಗಣ್ಣಿನ ಒತ್ತಡ ಹನ್ನೆರಡಕ್ಕೆ ಇಳಿದಿದೆ! ಹೌದು, ಹನ್ನೆರಡು! ಇವತ್ತು ಮಧ್ಯಾಹ್ನ ಸಿಂಧನೂರಿನಲ್ಲಿ ಕಣ್ಣಿನ ಡಾಕ್ಟರಮ್ಮ ತಾವೇ ಬಾಯಿಬಿಟ್ಟು ಹೇಳಿದರು. ಮಸ್ಕಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದೆ, ಮುಂದಿನ ಸೀಟಿನವರಿಗೆ ಹೇಳಿದೆ, ಹಿಂದೆ ನಿದ್ದೆ ಹೊಡೆಯುತ್ತಿದ್ದವರನ್ನು ಎಬ್ಬಿಸಿ ಹೇಳಿದೆ.

"ಹನ್ನೆರಡು ಅಂದ್ರ ಪಾಸೋ ಫೇಲೋ, ಯಜಮಾನ್ರ?" ಎಂದು ಅವರು ಕಣ್ಣುಜ್ಜಿಕೊಂಡು ಕೇಳಿದರು.

ಪಾಸ್! ಮೂರು ವಾರದ ಹಿಂದೆ ಮೂವತ್ತೆರಡಿತ್ತು. ಕಡಿಮೆ ಬಂದಷ್ಟೂ ಮೇಲಿನ ನಂಬರು ಸಿಗುವ ಪರೀಕ್ಷೆ ಇದೊಂದೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಹೇಳಿ ಮಾಡಿಸಿದ್ದು!

ಮಸ್ಕಿಯಲ್ಲಿ ಲಿಂಗಸುಗೂರು ರಸ್ತೆಯ ಮೇಲೆ ನಲವತ್ತು ವರ್ಷದಿಂದ ನನ್ನ ಪಂಕ್ಚರ್ ಅಂಗಡಿ ಇದೆ. ಟ್ಯೂಬು ಹರಿದೀತು, ನಾನು ಹಚ್ಚಿದ ಪ್ಯಾಚು ಬಿಡದು. ಆದರೆ ನನ್ನ ಎಡಗಣ್ಣು ಮಾತ್ರ, ಮುಳ್ಳು ಚುಚ್ಚಿದ ಟೈರಿನಂತೆ, ಸದ್ದಿಲ್ಲದೆ ಇಳಿದು ಹೋಗುತ್ತಿತ್ತು. ನೋವಿಲ್ಲ, ಉರಿ ಇಲ್ಲ. ಎಡಗಡೆ ಇಟ್ಟ ಪಂಪು ಕಾಣದಿದ್ದರೆ ಯಾರೋ ಕದ್ದರು ಎಂದು ಊರಿಗೆಲ್ಲ ಬೈಯುತ್ತಿದ್ದೆ. ಕಾಲೇಜು ಓದುವ ಮೊಮ್ಮಗಳು ಕಾವೇರಿಗೆ ಅನುಮಾನ ಬಂತು, ಆಸ್ಪತ್ರೆಗೆ ಎಳೆದೊಯ್ದಳು.

"ಗ್ಲಾಕೋಮಾ," ಅಂದರು ಡಾಕ್ಟರಮ್ಮ. "ಕಣ್ಣೊಳಗಿನ ನೀರು ಹೊರಗ ಹರಿಯೋ ದಾರಿ ಕಟ್ಟೈತಿ. ಒತ್ತಡ ಏರಿ ನರ ಕೆಡಾಕತ್ತೈತಿ. ಎಡಗಣ್ಣಾಗ ಹೋದ ದೃಷ್ಟಿ ತಿರುಗಿ ಬರಂಗಿಲ್ರಿ. ಬಲಗಣ್ಣಾದ್ರೂ ಉಳಿಸಿಕೊಳ್ಳೋಣು. ಔಷಧಿಗೆ ಬಗ್ಗವಲ್ದು, ಆಪರೇಷನ್ ಮಾಡಿ ಒಂದು ಸಣ್ಣ ತೂತು ಮಾಡಬೇಕು."

ತೂತು! ತೂತು ಮುಚ್ಚಿ ಮೂರು ಮಕ್ಕಳನ್ನು ಸಾಕಿದವನ ಮುಂದೆ ಆಡುವ ಮಾತೇ ಇದು?

"ಗಾಳಿ ಹೆಚ್ಚಾದ್ರ ವಾಲ್ ಒತ್ತಿ ಬಿಡ್ತೀವ್ರಿ. ಟ್ಯೂಬಿಗೆ ಯಾರಾದ್ರೂ ತೂತು ಹೊಡೀತಾರೇನ್ರಿ?"

"ನಿಮ್ಮ ಕಣ್ಣಿನ ವಾಲ್ ಕೆಟ್ಟೈತಿ, ಅಮರಪ್ಪನವ್ರ. ನಾವು ಹೊಸಾದು ಮಾಡ್ತೀವಿ."

ಕಸುಬಿನವರು ಕಸುಬಿನವರ ಮಾತು ಒಪ್ಪಬೇಕು. ಒಪ್ಪಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ತಾಕಬಾರದು ಎಂದು ಹೇಳಿ, ಎರಡು ಬಾಟಲಿ ಡ್ರಾಪ್ಸ್ ಕೊಟ್ಟು ಕಳಿಸಿದರು. ಪಕ್ಕದ ಚಹಾದಂಗಡಿಯ ಮಹಬೂಬಸಾಬ ನೋಡಲು ಬಂದ.

"ನಮ್ಮ ಭಾಯಿದು ಹರ್ನಿಯಾ ಆಪರೇಷನ್ ಗಾಯ ಹತ್ತು ದಿನಕ್ಕ ಮಾಯ್ತು ನೋಡು, ಅಮರಪ್ಪಣ್ಣಾ."

"ನಂದು ಎಂಟು ದಿನಕ್ಕ ಮಾಯ್ತೈತಿ!" ಎಂದೆ. ಒಮ್ಮೆ ಅಂದೆನೆಂದರೆ ಅಂದೆ!

ಆದರೆ ಎರಡು ಬಾಟಲಿಯಲ್ಲಿ ಒಂದು ಗಾಯ ಬೇಗ ಮುಚ್ಚದಂತೆ ತಡೆಯುವುದಕ್ಕಂತೆ. ಗಾಯ ಮುಚ್ಚದಿರಲಿ ಎಂದು ಔಷಧಿ ಹಾಕಿಕೊಳ್ಳುವ ದಡ್ಡ ಯಾರು? "ನಾನೇ ಹಾಕ್ಕೊಂತೀನಿ" ಎಂದು ಕಾವೇರಿಗೆ ಹೇಳಿ ಆ ಬಾಟಲಿಯನ್ನು ಅಂಗಿಯ ಜೇಬಿಗೆ ಇಳಿಸಿದೆ. ಅದು ಅಲ್ಲೇ ಸುಖವಾಗಿತ್ತು.

ಎಂಟನೇ ದಿನ ಬಂತು. ಕೆಲಸ ಮುಗಿದ ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳದೆ ಗಿರಾಕಿಗೆ ಕೊಡುವುದು ನಮ್ಮ ಅಂಗಡಿಯ ಪದ್ಧತಿಯಲ್ಲ. ಆದಕಾರಣ ಸದರಿ ಕಣ್ಣನ್ನೂ ಅದೇ ಪ್ರಕಾರ ಪರೀಕ್ಷಿಸತಕ್ಕದ್ದೆಂದು ತೀರ್ಮಾನಿಸಿದೆ. ಬಚ್ಚಲಿನಲ್ಲಿ ಬೋಗುಣಿ ತುಂಬಿಸಿ, ಉಸಿರು ಬಿಗಿಹಿಡಿದು ಬಗ್ಗಿದೆ. ಮೂಗಿಗೂ ನೀರಿಗೂ ಒಂದು ಬೆರಳು ಅಂತರ. ಹಿಂದಿನಿಂದ ಯಾರೋ ನನ್ನ ಕಾಲರ್ ಹಿಡಿದು ಎತ್ತಿದರು. ನನ್ನ ಹೆಂಡತಿ ದುರುಗಮ್ಮ!

"ಏನ್ ಮಾಡಾಕತ್ತೀರಿ?"

"ಗುಳ್ಳಿ ನೋಡಾಕತ್ತೀನಿ."

"ಯಾವ ಗುಳ್ಳಿ?"

"ಕಣ್ಣಾಗಿಂದು."

"ಕಾವೇರೀ! ಲಗೂನ ಬಾ! ನಿಮ್ಮ ತಾತಗ ಕಣ್ಣಲ್ಲ, ತಲಿ ಪಂಕ್ಚರ್ ಆಗೈತಿ!"

ಈ ಎಳೆದಾಟದಲ್ಲಿ ಜೇಬಿನ ಬಾಟಲಿ ಕೆಳಗೆ ಬಿತ್ತು. ಕಾವೇರಿ ಎತ್ತಿ ನೋಡಿದಳು.

"ಸೀಲ್ ಸೈತ ಒಡದಿಲ್ಲಲ್ಲೋ, ತಾತಾ!"

ಮುಂದಿನ ಬಸ್ಸಿಗೆ ನನ್ನನ್ನು ಇಬ್ಬರೂ ಆರೋಪಿಯಂತೆ ನಡುವೆ ಕೂರಿಸಿಕೊಂಡು ಸಿಂಧನೂರಿಗೆ ಒಯ್ದರು. ಡಾಕ್ಟರಮ್ಮ ಯಂತ್ರದಲ್ಲಿ ಬಹಳ ಹೊತ್ತು ನೋಡಿದರು.

"ಗಾಯ ಭಾಳ ಚಲೋ ಮಾದೈತಿ."

ನಾನು ದುರುಗಮ್ಮನ ಕಡೆ ಹುಬ್ಬು ಹಾರಿಸಿದೆ.

"ಅದೇ ತೊಂದ್ರೆ!" ಅಂದರು ಡಾಕ್ಟರಮ್ಮ. "ಒತ್ತಡ ಮತ್ತ ಇಪ್ಪತ್ತೆಂಟಕ್ಕ ಏರೈತಿ. ನಾವು ಮಾಡಿದ ದಾರಿ ತೆರದೇ ಇರಬೇಕ್ರಿ. ಅದು ಮುಚ್ಚಿದ್ರ ಈ ಕಣ್ಣೂ ಎಡಗಣ್ಣಿನ ಹಿಂದ ಹೋಗ್ತೈತಿ."

ದುರುಗಮ್ಮ ಬೈಯುತ್ತಾಳೆಂದು ಕಾದೆ. ಆಕೆ ನನ್ನ ತೋಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆಕೆಯ ಬಾಯಿಗೆ ನಾನು ಹೆದರಿದ್ದುಂಟು. ಆಕೆಯ ಹಿಡಿತಕ್ಕೆ ಹೆದರಿದ್ದು ಅವತ್ತೇ.

ಮುಚ್ಚುತ್ತಿದ್ದ ದಾರಿ ಮತ್ತೆ ತೆರೆಯಲೆಂದು ಡಾಕ್ಟರಮ್ಮ ಲೇಸರ್ ಬೆಳಕು ಬಿಟ್ಟು ಒಂದು ಹೊಲಿಗೆ ಸಡಿಲ ಮಾಡಿದರು. ನಾನು ಅಲ್ಲೇ ಪಣ ತೊಟ್ಟೆ: ನಲವತ್ತು ವರ್ಷ ತೂತು ಮುಚ್ಚಿದ ಅಮರಪ್ಪ ಇನ್ನು ಮೇಲೆ ಒಂದು ತೂತು ಕಾಯುತ್ತಾನೆ! ಅವತ್ತಿನಿಂದ ಬಗ್ಗಲಿಲ್ಲ, ಚಪ್ಪಲಿಯನ್ನು ಕಾಲಿನಿಂದಲೇ ಹುಡುಕಿದೆ. ಭಾರ ಎತ್ತಲಿಲ್ಲ, ಅಂಗಡಿಯಲ್ಲಿ ಕುರ್ಚಿಯ ಮೇಲೆ ಕುಳಿತು ಮಗನಿಗೆ ಬುದ್ಧಿ ಹೇಳಿದೆ. ಡ್ರಾಪ್ಸ್ ಅಧಿಕಾರ ಪೂರ್ತಿ ಕಾವೇರಿಗೆ. ಇವತ್ತು ಹನ್ನೆರಡು!

ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕುಳಿತೆವು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಖುಷಿಗೆಂದು ಹೋಳಿಗೆ. ಎಲ್ಲರೂ ನೆಲದ ಮೇಲೆ. ಬಗ್ಗಬಾರದ ನಾನೊಬ್ಬ ಕುರ್ಚಿಯ ಮೇಲೆ, ತಟ್ಟೆ ಸ್ಟೂಲಿನ ಮೇಲೆ. ಇಂಥ ಎತ್ತರ ಸಿಕ್ಕ ಮೇಲೆ ಸುಮ್ಮನಿರಲಾದೀತೇ?

"ಮನುಷ್ಯಾಗ ಹಠ ಇರಬೇಕ್ರಪ್ಪಾ..." ಎಂದು ಭಾಷಣ ಶುರು ಮಾಡಿದೆ.

"ತಾತಾ, ಟೈಮ್ ಆತು. ಮ್ಯಾಲ ನೋಡು." ಕಾವೇರಿ ಬಾಟಲಿ ಹಿಡಿದು ನಿಂತಿದ್ದಳು.

ಧೈರ್ಯವಾಗಿ ಮುಖ ಎತ್ತಿದೆ. ಎಲ್ಲರೂ ತುತ್ತು ನಿಲ್ಲಿಸಿ ನೋಡಿದರು. ಹನಿ ಬಿತ್ತು.

"ತಾತಾ, ಬಾಯಿ ಯಾಕ ತೆರದಿ? ಕಣ್ಣು ತೆರಿ!"

"ಇನ್ನೊಂದು ಹಾಕವ್ವಾ," ಅಂದಳು ದುರುಗಮ್ಮ. "ಅದು ಮೂಗಿನ ಮ್ಯಾಲ ಬಿತ್ತು."

ಎರಡನೆಯದು ಮೀಸೆಯ ಮೇಲೆ ಬಿತ್ತು. ಕಣ್ಣು ತೆರೆದು ಬಾಯಿ ಮುಚ್ಚಿಕೊಂಡಿರುವುದನ್ನು ಈ ಹಠವಾದಿ ಮೂರನೇ ಹನಿಗೆ ಕಲಿತ. ಔಷಧಿ ಇಳಿಯಲೆಂದು ಐದು ನಿಮಿಷ ಕಣ್ಣು ಮುಚ್ಚಿ ಕುಳಿತು, ಆಮೇಲೆ ತೆರೆದು ನೋಡುತ್ತೇನೆ, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದೆ: ಹೋಳಿಗೆ ಖಾಲಿ!