ಮಂಟಪಕ್ಕೆ ಎರಡನೆಯ ಕೋಟು

ಎಲ್ಲಕ್ಕೂ ಕಾರಣ ಒಂದು ಡಬ್ಬಿ ನೀಲಿ ಬಣ್ಣ.

ಹೂವಿನ ಹಿಪ್ಪರಗಿಯ ಆಚೆಯ ಆ ಸಣ್ಣ ಊರಿನ ಇತಿಹಾಸವನ್ನು ಪುಸ್ತಕ ಮಾಡಿದವರು ನಿವೃತ್ತ ಶಿಕ್ಷಕ ಶ್ರೀವಲ್ಲಭ ಮಾಸ್ತರರು. ಬಾವಿಯ ದಂಡೆಯ ಕಲ್ಲುಮಂಟಪ ಎಂಟುನೂರು ವರ್ಷ ಹಳೆಯದೆಂದು ಅದರಲ್ಲಿ ಅಚ್ಚಾಗಿತ್ತು. ಅದನ್ನು ಸ್ಮಾರಕಗಳ ಪಟ್ಟಿಗೆ ಸೇರಿಸಬೇಕೆಂದು ಹನ್ನೊಂದು ಅರ್ಜಿ ಬರೆದ ಮೇಲೆ, ಪುರಾತತ್ವದ ಸಾಹೇಬರು ನೋಡಲು ಬರುವ ದಿನ ಕೊನೆಗೂ ಬಂದಿತ್ತು.

ಮಾಸ್ತರರು ಸ್ನಾನ, ಸಂಧ್ಯಾವಂದನೆ ಮುಗಿಸಿ, ಇಸ್ತ್ರಿಯ ಧೋತರ ಉಟ್ಟು ಬಾವಿಯ ಕಡೆ ಬಂದವರು ಅಲ್ಲಿಯೇ ನಿಂತುಬಿಟ್ಟರು. ಮಂಟಪ ಹೊಸ ಮದುಮಗಳ ಟ್ರಂಕಿನಂತೆ ನೀಲಿಯಾಗಿ ಹೊಳೆಯುತ್ತಿತ್ತು.

“ಏನ್ ಮಾಡೀರಿ ಇದು?”

“ಸಾಹೇಬ್ರು ಬರ್ತಾರಂತ ನಿನ್ನೆ ಸಂಜೀಕ ಹೊಡಸೇವ್ರಿ,” ಎಂದ ಪಂಚಾಯ್ತಿ ಸದಸ್ಯ ಶ್ರೀಶೈಲಪ್ಪ. “ಊರ ಮಾನದ ಪ್ರಶ್ನಿ. ಹಳೇದು ಹಂಗಽ ತೋರ್ಸೂದೇನ್ರಿ?”

“ಹಳೇದಂತಽ ನೋಡಾಕ ಬರಾಕತ್ತಾರಪಾ ಅವ್ರು.”

“ಹಳೇದು ಎಲ್ಲಿ ಹೋಗ್ತೈತ್ರಿ, ಒಳಗಽ ಐತಲ್ಲ,” ಎಂದು ಬಣ್ಣ ಹಚ್ಚಿದ ಯುನೂಸ ಸಮಾಧಾನ ಹೇಳಿದ. “ಅಸಲೀ ಆಯಿಲ್ ಪೇಂಟ್ ಮಾಸ್ತರ. ಹತ್ತ ವರ್ಷ ಗ್ಯಾರಂಟಿ.”

ಎಂಟುನೂರು ವರ್ಷದ ಕಲ್ಲಿಗೆ ಹತ್ತು ವರ್ಷದ ಗ್ಯಾರಂಟಿ ಕೇಳಿ ಮಾಸ್ತರರ ತಲೆ ತಿರುಗಿತು.

ಸಾಹೇಬರು ಬರುವುದು ಹನ್ನೊಂದಕ್ಕೆ. ಮಾಸ್ತರರು ಧೋತರ ಎತ್ತಿ ಕಟ್ಟಿ, ಯುನೂಸನ ಥಿನ್ನರ್ ಕಸಿದುಕೊಂಡು ಮೂಲೆಯ ಕಂಬ ತಿಕ್ಕತೊಡಗಿದರು. ನೀರಿಗೆ ಬಂದಿದ್ದ ಮುದುಕಿ ಶೆಟ್ಟೆವ್ವ ಕೊಡ ಇಳಿಸಿ, ಅದನ್ನು ತೊಳೆಯಲು ತಂದಿದ್ದ ತೆಂಗಿನ ನಾರು ಹಿಡಿದು ಕೈಹಚ್ಚಿದಳು. ನೀಲಿಯ ಕೆಳಗೆ ಹಳೆಯ ಸುಣ್ಣ ಬಂತು. ಸುಣ್ಣದ ಕೆಳಗೆ ಅಕ್ಷರ ಬಂದವು. ಶಾಸನವೇ ಸಿಕ್ಕಿತೆಂದು ಮಾಸ್ತರರ ಎದೆ ಹಿಗ್ಗಿತು. ಚಸ್ಮಾ ಒರೆಸಿಕೊಂಡು ಮೆಲ್ಲಗೆ ಓದಿದರು: ‘ಕಲ್ಲುಕುಟಿಗ ಹಣಮಪ್ಪ, ಸನ್ ೧೯೫೪.’

ಹಿಗ್ಗಿದ ಎದೆ ಸೂಜಿ ತಾಗಿದ ಪುಗ್ಗಾದ ಹಾಗಾಯಿತು.

“ಹಣಮಪ್ಪನ ಹೆಸರೇನ್ರಿ ಅದು?” ಎಂದಳು ಶೆಟ್ಟೆವ್ವ. “ಭಾಳ ಛಲೋ ಮನಶ್ಯಾ. ಇದನ್ನ ಕಟ್ಟುಮುಂದ ನಾ ಸಣ್ಣಾಕಿ, ಕುಡ್ಯಾಕ ನೀರ ತಂದು ಕೊಡ್ತಿದ್ದೆ.”

“ಮತ್ತ ಇಷ್ಟ ದಿನ ಯಾಕ ಹೇಳ್ಲಿಲ್ಲಬೇ?”

“ನೀವೆಲ್ಲಿ ಕೇಳಿದ್ರಿ? ಎಂಟನೂರು ವರ್ಷಂತ ಪುಸ್ತಕದಾಗ ಬಂತು. ಮಾಸ್ತರ ಬರದಾರಂದ್ರ ನನ್ನ ನೆನಪಽ ತಪ್ಪಿರಬೇಕು ಅಂದ್ಕೊಂಡೆ.”

ಮೂವತ್ತೈದು ವರ್ಷ ಕಲಿಸಿ ಗಳಿಸಿದ ಹೆಸರು ಒಂದು ಕಂಬದಿಂದ ಹೋಗುವುದರಲ್ಲಿತ್ತು. ಅಷ್ಟರಲ್ಲಿ ದೂರದಲ್ಲಿ ಜೀಪಿನ ಧೂಳು ಕಂಡಿತು.

“ಯುನೂಸ,” ಎಂದರು ಮಾಸ್ತರರು ತಗ್ಗಿದ ದನಿಯಲ್ಲಿ, “ಈ ಕಂಬಕ್ಕ ಇನ್ನೊಂದ ಕೋಟ್ ಹೊಡಿಯೋ.”

“ಈಗಷ್ಟ ತಿಕ್ಕಿ ತಗದ್ರಲ್ರಿ?”

“ದಪ್ಪ ಹೊಡಿ.”

ಜೀಪು ನಿಲ್ಲುವಷ್ಟರಲ್ಲಿ ಅಕ್ಷರಗಳು ಮುಚ್ಚಿಹೋಗಿದ್ದವು. ಸಾಹೇಬರು ಮಂಟಪ ಸುತ್ತು ಹಾಕಿದರು. ಮಾಸ್ತರರು ಮಂತ್ರಾಲಯದ ರಾಯರನ್ನು ನೆನೆಯುತ್ತ ಹಿಂದೆ ನಡೆದರು.

“ತಪ್ಪಾತ್ರಿ ಸಾಹೇಬ್ರ, ಬಣ್ಣ ಹಚ್ಚಿಬಿಟ್ಟಾರ. ಇನ್ನ ಇದು ಪಟ್ಟಿಗೆ ಬರಂಗಿಲ್ಲಲ್ರಿ?” ಎಂದರು, ಬರಂಗಿಲ್ಲ ಅಂದರೆ ಸಾಕಪ್ಪಾ ಎಂದುಕೊಳ್ಳುತ್ತ.

ಸಾಹೇಬರು ಅವರನ್ನು ಬದಿಗೆ ಕರೆದರು. “ಬಣ್ಣ ಇರದಿದ್ರೂ ಬರ್ತಿರಲಿಲ್ಲ ಮಾಸ್ತರ. ಇದಕ್ಕ ನೂರು ವರ್ಷನೂ ಆಗಿಲ್ಲ. ನಿಮ್ಮ ಪುಸ್ತಕ ಓದಿ ನಾ ಒಬ್ಬನಽ ನಕ್ಕೇನಿ, ಯಾರ ಮುಂದೂ ಅಂದಿಲ್ಲ, ಅನ್ನೂದೂ ಇಲ್ಲ.”

ಹನ್ನೊಂದು ಅರ್ಜಿಗಳ ಭಾರ ಮಾಸ್ತರರ ಹೆಗಲಿಂದ ಒಮ್ಮೆಲೇ ಇಳಿಯಿತು. ಬಾವಿಕಟ್ಟೆಯ ಮೇಲೆ ಕುಳಿತು ನೀಳವಾಗಿ ಉಸಿರುಬಿಟ್ಟರು.

“ಮತ್ತ ಇಷ್ಟ ದೂರ ಯಾಕ ಬಂದ್ರಿ?”

“ಇದನ್ನ ಕಟ್ಟಿದ ಹಣಮಪ್ಪ ನಮ್ಮಜ್ಜರಿ. ನಮ್ಮಪ್ಪ ಹೋಗೂಮುಂದ ಹೇಳಿದ್ದ, ಅಜ್ಜನ ಹೆಸರು ಒಂದು ಕಂಬದಾಗ ಐತಿ, ಒಮ್ಮೆ ಮುಟ್ಟಿ ನಮಸ್ಕಾರ ಮಾಡಿ ಬಾ ಅಂತ.” ಸಾಹೇಬರು ನೀಲಿ ಕಂಬಗಳನ್ನು ಒಂದೊಂದಾಗಿ ನೋಡಿದರು. “ಯಾವ ಕಂಬರಿ ಅದು?”

ಮಾಸ್ತರರು ಕಟ್ಟೆಯಿಂದ ಎದ್ದರು. “ಆ ಮೂಲಿದ್ರಿ. ಈಗಽ ಮುಚ್ಚಿಸೇನಿ.”

ಮತ್ತೆ ಧೋತರ ಎತ್ತಿ ಕಟ್ಟಿದರು. ಯುನೂಸ ಥಿನ್ನರ್ ಡಬ್ಬಿಯನ್ನು ಬೋರಲು ಹಿಡಿದು ತೋರಿಸಿದ. ಒಂದು ಹನಿಯೂ ಬೀಳಲಿಲ್ಲ. ಶೆಟ್ಟೆವ್ವ ಕೈಯಲ್ಲಿದ್ದ ನಾರನ್ನು ಎರಡು ಭಾಗ ಮಾಡಿ, ಒಂದನ್ನು ಮಾಸ್ತರರಿಗೆ, ಒಂದನ್ನು ಸಾಹೇಬರಿಗೆ ಕೊಟ್ಟಳು.