ನಮ್ಮ ಮನೆಯಾಕೆ ಮೋಟಾರು ಹತ್ತಿದ್ದು

ಮೋಟಾರು ಕೊಂಡವನ ಫಜೀತಿ ಕೊಂಡ ದಿನಕ್ಕೇ ಮುಗಿಯುವುದಿಲ್ಲ. ದುರಸ್ತಿಯ ರೀತಿ ಬದಲಾದಂತೆಲ್ಲ ಫಜೀತಿಯೂ ಹೊಸದಾಗುತ್ತದೆ. ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ ಮಾಡಿಕೊಂಡಿದ್ದ ನಾನು ಮೋಟಾರು ತಂದದ್ದು ಒಂದೇ ಆಸೆಯಿಂದ: ಮನೆಯಾಕೆಯನ್ನು ಕೂಡಿಸಿಕೊಂಡು ಹೋಗಿ ಧಾರವಾಡದ ಆಕೆಯ ತವರಿನ ಬಾಗಿಲಲ್ಲಿ ಇಳಿಯಬೇಕು. ಆಕೆ ಮಾತ್ರ, "ಮೊದಲ ನೀವು ನೆಟ್ಟಗ ಹೋಗಿ ಬರ್ರಿ, ಆಮ್ಯಾಲ ನೋಡೂಣು" ಎಂದಳು.

೧. ಕೆರೆಯಲ್ಲಿ

ಆಗ ಮೋಟಾರಿನ ಗಾಲಿಗೆ ಕಟ್ಟಿಗೆಯ ಅರಗಳು. ಬೇಸಿಗೆಗೆ ಒಣಗಿ ಲಟಲಟ ಎನ್ನತೊಡಗಿದವು. ಗ್ಯಾರೇಜು ಎಂಬುದನ್ನು ನಾನಿನ್ನೂ ಕಂಡಿರಲಿಲ್ಲ. ಚಕ್ಕಡಿ ಮಾಡುವ ಬಡಿಗನನ್ನು ಕರೆಸಿದೆ.

"ಚಕ್ಕಡಿ ಗಾಲಿ ಸಡ್ಲಾದ್ರ ನೀರಾಗ ಹಾಕ್ತೀವ್ರಿ. ಕಟಗಿ ಉಬ್ಬಿ ಬಿಗಿ ಆಗತೈತಿ" ಎಂದ.

ಗಾಲಿ ಬಿಚ್ಚಿ ಹಾಕಬೇಕೆಂದು ಆತನ ಅರ್ಥ. ನಾನು ಮೋಟಾರನ್ನೇ ಉಣಕಲ್ಲ ಕೆರೆಗೆ ಇಳಿಸಿ, ಕಟ್ಟಿಗೆ ಉಬ್ಬುವ ತನಕ ಒಳಗೆ ಕುಳಿತು ಜಪ ಹಿಡಿದೆ. ಪಕ್ಕದಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ ಮುದುಕ ಬಹಳ ಹೊತ್ತು ನೋಡಿ ಕೇಳಿದ: "ಸಾವ್ಕಾರ್ರ, ನಿಮ್ದು ಎಷ್ಟ ಹಾಲ ಕೊಡತೈತ್ರಿ?"

೨. ಗುಡಿಯ ಮುಂದೆ

ಮುಂದೆ ಗ್ಯಾರೇಜು ಬಂತು, ಮುಂಬೈಯಲ್ಲಿ ಕೆಲಸ ಕಲಿತ ಮಿಸ್ತ್ರಿ ಬಂದ. ಆ ದಿನಗಳಲ್ಲಿ ನನ್ನ ಮೋಟಾರು ಧಾರವಾಡದ ದಾರಿಯ ಏರಿನಲ್ಲಿ, ಹನುಮಪ್ಪನ ಗುಡಿಯ ಮುಂದೆಯೇ ನಿಲ್ಲುತ್ತಿತ್ತು. ಇಳಿದು ಕಾಯಿ ಒಡೆಸಿ ಬಂದರೆ ಹೊರಡುತ್ತಿತ್ತು. ದೇವರೇ ತಡೆದು ಕರೆಯುತ್ತಾನೆಂದು ಪೇಟೆಗೆಲ್ಲ ಹೇಳಿದ್ದೆ. ಮನೆಯಾಕೆಯ ಮನಸ್ಸೂ ತುಸು ಮೆತ್ತಗಾಗಿತ್ತು.

ಒಮ್ಮೆ ಬ್ರೇಕು ಬಿಗಿಸಲೆಂದು ಗ್ಯಾರೇಜಿಗೆ ಒಯ್ದಾಗ ಮಿಸ್ತ್ರಿ ಪೆಟ್ರೋಲಿನ ನಳಿಗೆಯನ್ನೂ ಬಿಚ್ಚಿ ಊದಿ, ಅಂಗೈಯಲ್ಲಿ ಕಸ ತೋರಿಸಿದ: "ಏರಿನ್ಯಾಗ ಇದು ಅಡ್ಡ ಬರತಿತ್ರಿ. ನೀವು ಕೈ ಮುಗದ ಬರೂದ್ರಾಗ ತಳಕ್ಕ ಕೂಡತಿತ್ತು."

ಮನೆಯಾಕೆ ಕೇಳಿ ಎಂದಳು: "ದೇವ್ರು ತಡೀತಾನಂದ್ರ ಹತ್ತತಿದ್ದೆ. ಕಸಾ ತಡೀತೈತಂದ್ರ ನಾ ಯಾಕ ಹತ್ಲಿ?"

೩. ಒಲೆ

ಯುದ್ಧ ಬಂದು ಪೆಟ್ರೋಲು ಸಿಗದಾಯಿತು. ಮೋಟಾರಿನ ಹಿಂದೆ ಇದ್ದಲಿಯ ದೊಡ್ಡ ಕಬ್ಬಿಣದ ಒಲೆ ಕೂಡಿಸಿದರು. ಅದರ ಗ್ಯಾಸಿನಿಂದಲೇ ಇಂಜಿನ್ನು ನಡೆಯಬೇಕು. ಕೆಲವೇ ದಿನಗಳಲ್ಲಿ ಅದೂ ಕೆಟ್ಟಿತು. ಮಿಸ್ತ್ರಿ ಮಿಲಿಟರಿ ಕೆಲಸಕ್ಕೆ ಹೋಗಿದ್ದ. ಉಳಿದವನು ಒಲೆ ನೋಡಿಕೊಳ್ಳಲೆಂದು ನಾನಿಟ್ಟುಕೊಂಡ ಡ್ರೈವರ ಒಬ್ಬನೇ.

ಅಂದು ಆಕೆಯ ತವರಿನಲ್ಲಿ ತಮ್ಮನ ಮಗನ ತೊಟ್ಟಿಲ ಕಾರ್ಯ. ನಾನೂ ಡ್ರೈವರನೂ ಒಲೆ ಊದಿ ಊದಿ ಮುಖ ಕಪ್ಪು ಮಾಡಿಕೊಂಡಿದ್ದೆವು. ರೈಲಿಗೆ ಹೊರಟಿದ್ದ ಆಕೆ ಗಂಟನ್ನು ಕಟ್ಟೆಯ ಮೇಲಿಟ್ಟು ಬಗ್ಗಿ ನೋಡಿದಳು.

"ಬೂದಿ ಯಾವಾಗ ತಗದೀರಿ?"

"ದೀಪ ಹಚ್ಚಿದ ಮ್ಯಾಲ ಬೂದಿ ಚೆಲ್ಲಬಾರದು ಅಂತ ಸಾವ್ಕಾರ್ರು ಹೇಳ್ಯಾರ್ರಿ ಅವ್ವಾರ" ಎಂದ ಡ್ರೈವರ. "ನಾವು ಮನಿಗೆ ಬರೂದ ದೀಪ ಹಚ್ಚಿದ ಮ್ಯಾಲ."

"ಮತ್ತ ಮುಂಜಾನಿ?"

"ಮುಂಜಾನಿದೇನೂ ಹೇಳಿಲ್ರಿ."

ಆಕೆ ನನ್ನ ಕಡೆ ಒಮ್ಮೆ ನೋಡಿದಳು. ಸೆರಗು ಸಿಕ್ಕಿಸಿ ಬುಟ್ಟಿಗಟ್ಟಲೆ ಬೂದಿ ತೆಗೆಸಿ, ಇದ್ದಲಿ ಹೊಂದಿಸಿ, ಊದುಗೊಳವೆ ಹಿಡಿದಳು. ಕೆಂಡ ನಿಗಿನಿಗಿ ಎಂದಿತು. "ಇದ ಒಲಿ. ಇದು ನನಗ ತಿಳೀತೈತಿ" ಎಂದವಳೇ ಮೋಟಾರಿನಲ್ಲಿ ಕುಳಿತುಬಿಟ್ಟಳು. ಇಷ್ಟು ವರುಷದ ನನ್ನ ಆಸೆ ಕೈಗೂಡಿತು. ಶಿವನೇ ಎಂದು ಕೈ ಮುಗಿದೆ.

"ಸಾವ್ಕಾರ್ರ, ಹಿಂದಿಂದ ತುಸು ನೂಕ್ರಿ" ಎಂದ ಡ್ರೈವರ.

ನೂಕಿದೆ. ಇಂಜಿನ್ನು ಹಿಡಿಯಿತು, ಮೋಟಾರು ಹೊರಟಿತು, ನಿಲ್ಲಲೇ ಇಲ್ಲ. ಧೋತರ ಎತ್ತಿ ಹಿಡಿದು ಹಿಂದೆ ಓಡಿದೆ. ಆಕೆ ತಲೆ ಹೊರಗೆ ಹಾಕಿ ಸಮಾಧಾನದಿಂದ ಹೇಳಿದಳು:

"ನಿಂದ್ರಿಸಿದ್ರ ಒಲಿ ಆರತೈತ್ರಿ. ಕಟ್ಟಿ ಮ್ಯಾಲಿನ ಗಂಟ ತಗೊಂಡು ನೀವು ರೈಲಿಗೆ ಬರ್ರಿ."