ಗಾಳಿ ಯಂತ್ರಕ್ಕೆ ಧೂಪ

ಉಮೇಶ ಮಾಡಿದ ತಪ್ಪು ಇಷ್ಟೇ: ಕುಮಟಾದ ಗಾಳಿ ಎಷ್ಟು ಕೆಟ್ಟಿದೆಯೆಂದು ಅಳೆಯುವ ಯಂತ್ರಕ್ಕೂ ಆಯುಧಪೂಜೆ ಮಾಡಿಬಿಟ್ಟ.

ಬಸ್ಸು, ಬೋಟು, ಕೊನೆಗೆ ಕಾಯಿ ತುರಿಯುವ ಈಳಿಗೆಮಣೆಗೂ ಹೂ ಬೀಳುವಾಗ, ಮೀನುಪೇಟೆಯ ತಾರಸಿ ಮೇಲೆ ಕೂತು ತನಗೆ ಅನ್ನ ಹಾಕುವ ಯಂತ್ರವನ್ನು ಬರಿಹಣೆಯಲ್ಲಿ ಬಿಡುವುದುಂಟೇ? ಕುಂಕುಮ ಇಟ್ಟ. ಸೇವಂತಿಗೆ ಹಾರ ಹಾಕಿದ. ಅದರ ಮೂಗಿನಂಥ ಕೊಳವೆಯ ಬುಡಕ್ಕೇ ಧೂಪ ಹಿಡಿದ. ಯಂತ್ರ ಹಳೇ ಬೀಡಿಚಟದ ಮುದುಕನ ಹಾಗೆ ಒಂದೇ ದಮ್ಮಿಗೆ ಎಳೆದುಕೊಂಡಿತು. ದಿನಾ ನೂರಿಪ್ಪತ್ತು ತೋರಿಸುತ್ತಿದ್ದ ಫಲಕ ನಾನೂರ ತೊಂಬತ್ತಕ್ಕೆ ಹಾರಿ ಕೆಂಪಗೆ ಮಿಟುಕತೊಡಗಿತು.

ಅಷ್ಟರಲ್ಲಿ ಫೋನು. ಕಾರವಾರದಿಂದ ಹೊರಟ ಮಾಲಿನ್ಯ ಮಂಡಳಿ ಸಾಹೇಬರು ಆಗಲೇ ಊರು ಮುಟ್ಟಿದ್ದಾರೆ. ಉಮೇಶನ ಗುತ್ತಿಗೆ ಕೆಲಸ ಉಳಿಯುವುದೋ ಹೋಗುವುದೋ ಇವತ್ತೇ ತೀರ್ಮಾನ. ಊರ ಗಾಳಿ ಹೊಲಸಾದರೆ ಅದು ಕಾವಲು ಕೂತವನದೇ ತಪ್ಪು ಎಂದು ಅವನು ಗಟ್ಟಿಯಾಗಿ ನಂಬಿದ್ದ.

"ಹಾಳಾಗಿ ಹೋಗ್ಲಿ!" ಎಂದು ಧೂಪವನ್ನು ಕೆಳಕ್ಕೆಸೆದ. ಅದು ನೆಟ್ಟಗೆ ಪಕ್ಕದ ಮನೆ ಕಮಲಕ್ಕನ ಒಣ ತೆಂಗಿನ ಮಡಲಿನ ರಾಶಿಗೆ ಬಿತ್ತು.

"ಎಂತದಾ ಉಮೇಶಾ, ಹಬ್ಬಕ್ಕೆ ನನ್ನನ್ನೇ ಸುಡೂಕೆ ಹೊರಟ್ಯಾ?" ಕಮಲಕ್ಕ ಎರಡು ಕೊಡ ನೀರು ಸುರಿದಳು. ಬೆಂಕಿ ಆರಿತು, ಹಸಿ ಹೊಗೆ ಎದ್ದಿತು, ತಾರಸಿಗೇ ಬಂತು. ಫಲಕ ಐನೂರು ಮುಟ್ಟಿ ಅಲ್ಲೇ ನಿಂತಿತು. ಅದಕ್ಕಿಂತ ಮುಂದೆ ಅದಕ್ಕೆ ಎಣಿಸಲು ಬರುತ್ತಿರಲಿಲ್ಲ.

ಕೆಮ್ಮುತ್ತಾ ಕಮಲಕ್ಕ ಮೇಲೆ ಬಂದಳು, ಹಿಂದೆಯೇ ಕೆಳಗಿನ ಟೇಲರ್ ಸುಧಾಕರ. "ಜ್ವರ ಬಂದದೆ ಇದಕ್ಕೆ. ಬರ್ಫ್ ಇಡು!"

"ಬರ್ಫ್ ನಿನ್ನ ತಲೆಗೆ ಇಡ್ಬೇಕು," ಎಂದ ದಾಸ. ಅವನು ಅಘನಾಶಿನಿ ಹೊಳೆಯಲ್ಲಿ ಲಾರಿ ಟ್ಯೂಬಿನ ಮೇಲೆ ತೇಲಿಕೊಂಡು ಚಿಪ್ಪಿ ಆರಿಸುವವ. ಟ್ಯೂಬು ಹೆಗಲಲ್ಲೇ ಇತ್ತು. "ಇದ್ರಲ್ಲಿರೂದು ಹೊಳೆದಂಡೆ ಗಾಳಿ. ಬೆಳಿಗ್ಗೆ ಅಲ್ಲೇ ಪಂಪ್ ಹೊಡ್ದದ್ದು. ಕುಡಿಸ್ವಾ?"

ಟ್ಯೂಬಿನ ಬಾಯಿಯನ್ನು ಯಂತ್ರದ ಮೂಗಿಗೆ ಬಟ್ಟೆಯಲ್ಲಿ ಬಿಗಿದು, ಮೇಲೆ ಹಾರ ಮುಚ್ಚಿದರು. ಕಮಲಕ್ಕ, ಸುಧಾಕರ, ದಾಸ ಮೂವರೂ ಟ್ಯೂಬಿನ ಮೇಲೆ ಧೊಪ್ಪೆಂದು ಕೂತರು. ಇನ್ನೂರು. ಅರವತ್ತು. ಒಂಬತ್ತು.

"ಇನ್ನೊಂಚೂರು ಒತ್ತಿ ಕೂಡ್ರು ಕಮಲಕ್ಕಾ!" ಉಮೇಶ ಕೂಗಿದ.

"ಎಂತ ಒತ್ತೂದಾ? ನಾ ಇರೂದೇ ಇಷ್ಟು!"

ಎರಡು! ಸಾಹೇಬರು ಮೆಟ್ಟಿಲು ಹತ್ತಿ ಬಂದಾಗ ಫಲಕ ಹಸಿರಾಗಿ ಹೊಳೆಯುತ್ತಿತ್ತು; ಕಮಲಕ್ಕ ಟ್ಯೂಬಿಗೆ ಸೆರಗು ಮುಚ್ಚಿ ಪೂಜೆಗೆ ಕೂತವಳ ಹಾಗೆ ಕೂತಿದ್ದಳು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಎರಡೇ? ಭಲೇ! ಹಾಗಾದ್ರೆ ಈ ಯಂತ್ರಕ್ಕೆ ಇಲ್ಲೇನು ಕೆಲಸ? ನಾಳಿದ್ದೇ ಹೊಗೆ ಇರೋ ಊರಿಗೆ ಸಾಗಿಸ್ತೇವೆ. ನೂರು ದಾಟಿದ್ರೆ ಇಲ್ಲೇ ಇಟ್ಟು ನಿನ್ನ ಕೆಲಸ ಕಾಯಂ ಮಾಡೋಣ ಅಂತ ಆದೇಶ ತಂದಿದ್ದೆ, ಪಾಪ."

ಉಮೇಶ ಸಾಹೇಬರೆದುರು ಓಡಿ ಬಂದ. "ಸುಳ್ಳು ಸಾಹೇಬ್ರೇ! ಹೊಗೆ ಸಿಕ್ಕಾಪಟ್ಟೆ ಅದೆ! ಈಗಷ್ಟೇ ಐನೂರಾಗಿತ್ತು! ಬೇಕಾದ್ರೆ ಇವ್ರನ್ನೇ ಕೇಳಿ!"

ಸಾಹೇಬರು ತಿರುಗಿದರು. ಕಮಲಕ್ಕನ ಕಿವಿಗೆ ಬಿದ್ದದ್ದು ಅವರ 'ಭಲೇ' ಒಂದೇ; ಅವಳು ಕೆಂಪುಗಣ್ಣು ಒರೆಸಿಕೊಂಡು, ಕೆಮ್ಮು ನುಂಗಿ, ಉಮೇಶನಿಗೆ 'ಹೆದ್ರಬೇಡ' ಎಂಬಂತೆ ಕಣ್ಣು ಹೊಡೆದಳು.

"ಹೊಗೆಯಾ? ನಮ್ಮ ಕೇರೀಲಾ? ಈ ಹುಡ್ಗನ ಕೆಲ್ಸದ ಆಣೆಗೂ ಇಲ್ಲ, ಸಾಹೇಬ್ರೇ!"